ಮೂರು ಸರ್ಟಿಫಿಕೇಟು, ಒಂದು ಬಟ್ಟಲು ಗಂಧ

ಎರಡು ವರ್ಷದ ಹಿಂದಿನ ಮಾತು. ಆಯುಧಪೂಜೆಗೆ ಕಟ್ಟಿದ ಬಾಳೆಕಂಬ ಇನ್ನೂ ಒಣಗಿರಲಿಲ್ಲ. ರಾಮನಗರದ ಒಂದು ರೇಷ್ಮೆ ನೂಲು ಕಾರ್ಖಾನೆಯಿಂದ ಫೋನ್ ಬಂತು: ಕಂಪ್ಯೂಟರು ಪದೇ ಪದೇ ಆಫ್ ಆಗುತ್ತಿದೆ, ಬೇಗ ಬಾ ಅಂತ.

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಚನ್ನಪಟ್ಟಣದ ರಿಪೇರಿ ಅಂಗಡಿಯೊಂದರಲ್ಲಿ ನೆಲ ಗುಡಿಸುತ್ತಾ ಕೆಲಸ ಕಲಿತು, ಆಮೇಲೆ ನನ್ನದೇ ಅಂಗಡಿ ಇಟ್ಟೆ. ಆ ಕಾರ್ಖಾನೆಯ ಕಂಪ್ಯೂಟರು, ಕ್ಯಾಮೆರಾ ಎಲ್ಲ ಜೋಡಿಸಿದ್ದು ನಾನೇ. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದೇಕೆ?

ಹೋದರೆ ಆಫೀಸಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕನಕಪುರದವಳು, ಹೆಸರು ಕಾವ್ಯ. ಮಾಲೀಕರಾದ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

"ಶಿವಣ್ಣ, ಬೇಜಾರ್ ಮಾಡ್ಕೋಬ್ಯಾಡ. ನೂಲು ತಗೊಳ್ಳೋ ಕಂಪನಿಯವ್ರು ಕಂಪ್ಯೂಟರ್ ನೋಡ್ಕೊಳ್ಳೋರ ಸರ್ಟಿಫಿಕೇಟ್ ಕೇಳ್ತಾವ್ರೆ. ಈ ಹುಡುಗಿ ಹತ್ರ ಮೂರೈತೆ. ನಿನ್ ಹತ್ರ?"

"ನನ್ ತಾವ ಸ್ಕ್ರೂಡ್ರೈವರ್ ಐತೆ ಸಾಹೇಬ್ರೇ" ಅಂದೆ.

ಅವರು ನಗಲಿಲ್ಲ. ಅಂಗಡಿ ಬಾಡಿಗೆ ಹುಟ್ಟುತ್ತಿದ್ದುದೇ ಆ ಕಾರ್ಖಾನೆಯ ಕೆಲಸದಿಂದ. ಅದು ಕೈಬಿಡುವುದು ಖಾತ್ರಿ ಅನಿಸಿತು.

ಕರೆಂಟಿನದ್ದೇ ತೊಂದರೆ ಅಂದುಕೊಂಡು ಯುಪಿಎಸ್ ಬದಲಿಸಿದೆ. ಸ್ವಲ್ಪ ಹೊತ್ತು ಓಡಿ ಮತ್ತೆ ಆಫ್ ಆಯಿತು. ವೈರುಗಳನ್ನೆಲ್ಲ ಕಿತ್ತು ನೋಡೋಣ ಅಂತ ಕೈ ಹಾಕಿದೆ.

"ಅಣ್ಣ, ಏನೂ ಮುಟ್ಬೇಡಿ. ಒಸಿ ನೋಡನ" ಅಂದಳು ಕಾವ್ಯ.

"ನೋಡ್ತಾ ಕೂತ್ರೆ ತಾನೇ ಸರೋಯ್ತದಾ ತಾಯಿ?"

ಅವಳು ಕಂಪ್ಯೂಟರು ಆನ್ ಮಾಡಿ, ಪರದೆಯ ಮೇಲೆ ಏನೋ ತೆರೆದು, ಸುಮ್ಮನೆ ಕೂತಳು. ಒಂದು ಅಂಕಿ ಏರುತ್ತಲೇ ಹೋಯಿತು. ಅದು ನೂರು ಮುಟ್ಟುತ್ತಿದ್ದಂತೆ ಕಂಪ್ಯೂಟರು ಆಫ್. "ನೋಡಿದ್ರಾ ಅಣ್ಣ? ಒಳಗೆ ಬಿಸಿ ಆಗ್ತೈತೆ. ಸುಟ್ಟೋಗ್ಬಾರ್ದು ಅಂತ ಅದೇ ಆಫ್ ಆಯ್ತದೆ."

ಇಷ್ಟು ವರ್ಷದಲ್ಲಿ ನಾನು ಎಂದೂ ಹಾಗೆ ಕೈಕಟ್ಟಿ ಕೂತು ನೋಡಿದವನಲ್ಲ.

ಆದರೆ ಬಿಸಿ ಯಾಕೆ? ಫ್ಯಾನಂತೂ ತಿರುಗುತ್ತಿತ್ತು. ಬೆಂಗಳೂರಿನಿಂದ ಹೊಸ ಫ್ಯಾನು ತರಿಸೋಣ ಅಂದಳು ಅವಳು. ನನಗೆ ಹಿಂದಿನ ವರ್ಷದ ಹಬ್ಬ ನೆನಪಾಯಿತು. ಆಗ ಇಲ್ಲಿನ ಕೆಲಸದವರು ಕ್ಯಾಮೆರಾದ ಗಾಜಿಗೇ ಕುಂಕುಮ ಇಟ್ಟು, ಟಿವಿಯಲ್ಲಿ ಇಡೀ ಕಾರ್ಖಾನೆ ಕೆಂಪಗೆ ಕಂಡಿತ್ತು. ಈ ಸಲವೂ ಅಂಥದ್ದೇ ಏನಾದರೂ ಇರಬಹುದೇ ಅಂತ ಕಂಪ್ಯೂಟರನ್ನು ಗೋಡೆಯಿಂದ ಈಚೆ ಎಳೆದೆ. ಹಿಂಭಾಗದಲ್ಲಿ ಗಾಳಿಯಾಡುವ ತೂತುಗಳ ತುಂಬ ಗಂಧ, ವಿಭೂತಿ ಮೆತ್ತಿಕೊಂಡು ಗಾರೆಯಂತೆ ಗಟ್ಟಿಯಾಗಿತ್ತು.

ಪೂಜೆ ಮಾಡಿದ ಪುಟ್ಟಮ್ಮನನ್ನು ಸಾಹೇಬರು ಕರೆಸಿದರು. ನೂಲು ತೆಗೆಯುವ ಕೆಲಸದಲ್ಲಿ ಆಕೆಯೇ ಹಿರಿಯಳು.

"ಎಲ್ಲಾ ಮಿಸೀನ್ಗೂ ಹಚ್ದೆ, ಇದ್ನೊಂದ್ ಯಾಕ್ ಬುಡಾದು ಅಂತ ಹಚ್ದೆ ಕಣಪ್ಪಾ. ಯಾವ್ದು ಮಕ, ಯಾವ್ದು ಬೆನ್ನು ಗೊತ್ತಾಗ್ನಿಲ್ಲ. ಎಲ್ಡೂ ಕಡೀಕೂ ಬಳ್ದೆ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾವ್ಯಳ ಹೇರ್‌ಪಿನ್ನು, ನನ್ನ ಬ್ರಶ್ಶು ಸೇರಿ ತೂತು ಬಿಡಿಸಿದೆವು. ಸಂಜೆಯವರೆಗೂ ಕಂಪ್ಯೂಟರು ಆಫ್ ಆಗಲಿಲ್ಲ.

"ಯಾರ್ ಕಂಡ್ಹಿಡಿದಿದ್ದು?" ಅಂದರು ಸಾಹೇಬರು.

ಅವಳು ನನ್ನತ್ತ ಕೈ ತೋರಿಸಿದಳು. ಸುಮ್ಮನಿದ್ದರೆ ಕೆಲಸ ನನಗೇ ಉಳಿಯುತ್ತಿತ್ತೋ ಏನೋ. ಬಾಯಿ ಕೇಳಲಿಲ್ಲ. "ಬಿಸಿ ಅಂತ ಹೇಳಿದ್ದು ಈಯಮ್ಮ ಸಾಹೇಬ್ರೇ. ನಾನು ಯುಪಿಎಸ್ ಅಂತಿದ್ದೆ" ಅಂದೆ.

ಸಾಹೇಬರು ಗಡ್ಡ ಸವರಿಕೊಂಡರು. "ಹಂಗಾದ್ರೆ ಕಂಪನಿ ಕಾಗದಕ್ಕೆ ಸಹಿ ಆಯಮ್ಮಂದು, ಕೆಲಸಕ್ಕೆ ಕೈ ನಿಂದು. ಇಬ್ರೂ ಇರಿ."

ಸಹಿ ನನ್ನದಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ, ಸುಳ್ಳು ಹೇಳಲಾರೆ. ಸರ್ಟಿಫಿಕೇಟು ನೋಡಿದ ಕೂಡಲೇ ಕೈ ಮುಗಿಯುವವನೂ ನಾನಲ್ಲ. ಆದರೆ ಮುಟ್ಟುವುದಕ್ಕೆ ಮೊದಲು ನೋಡುವುದನ್ನು ಆ ಹುಡುಗಿ ಎಲ್ಲೋ ಓದಿಯೇ ಕಲಿತಿದ್ದಳು, ಅವಳಿಂದ ನಾನು ಕಲಿತೆ. ಈಗ ಯಾರ ಅಂಗಡಿಗೆ ಹೋದರೂ ಮೊದಲು ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಕಳೆದ ಆಯುಧಪೂಜೆಗೆ ಪುಟ್ಟಮ್ಮ ಗಂಧದ ಬಟ್ಟಲು ಹಿಡಿದು ಬಂದಾಗ, ಕಾವ್ಯ ಕಂಪ್ಯೂಟರಿನ ಮುಂದೆ ಅಡ್ಡ ನಿಂತಿದ್ದಳು, ನಾನು ಅದರ ಹಿಂದೆ. ಪುಟ್ಟಮ್ಮ ಇಬ್ಬರನ್ನೂ ನೋಡಿ, ನಮ್ಮ ಹಣೆಗೇ ಒಂದೊಂದು ಬೊಟ್ಟು ಇಟ್ಟು ಮುಂದಕ್ಕೆ ಹೋದಳು.