ಮೂರನೆಯ ಬಿಸಿಲು

ಅಂಗಡಿಯ ಪೊಟ್ಟಣದ ಹಳೇ ಪತ್ರಿಕೆಯನ್ನು ಓದದೆ ಒಲೆಗೆ ಹಾಕುವುದು ನನ್ನಿಂದಾಗದು. ಎರಡನೇ ಕ್ಲಾಸಿಗೇ ಮುಗಿದ ನನ್ನ ವಿದ್ಯೆಗೆ ಭದ್ರಾವತಿಯ ಪೇಟೆಬೀದಿಯೇ ಪುಸ್ತಕ ಭಂಡಾರ. ಬೇಳೆಯ ಜೊತೆ ಅರ್ಧ ಯುದ್ಧ ಬಂದರೆ, ಬೆಲ್ಲದ ಜೊತೆ ಯಾರದೋ ಮದುವೆ ಬರುತ್ತದೆ.

ಮೊನ್ನೆ ಮೆಣಸಿನಕಾಯಿ ಸುತ್ತಿದ್ದ ತುಂಡಿನಲ್ಲಿ, ಪರದೇಶದ ಪಂಡಿತರು ಕಣ್ಣಿಗೆ ಕಾಣದ ಕಿರಣವನ್ನು ಆಹಾರದ ಮೇಲೆ ಹಾಯಿಸಿ, ಒಳಗಿನ ವಿಷಕ್ರಿಮಿ ಸಾಯುವಂತೆ, ಬಹುಕಾಲ ಕೆಡದಂತೆ ಮಾಡಲು ಪರೀಕ್ಷೆ ನಡೆಸಿದ್ದಾರೆಂದಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಕಾಗದ ನೆನೆದುಹೋಗಿತ್ತು. ಮೆಣಸಿನಕಾಯಿಯ ಘಾಟು ಎಂದು ನನಗೆ ನಾನೇ ಹೇಳಿಕೊಂಡೆ.

ನೀವು ಮೀನು ಒಣಗಿಸುವವರಲ್ಲದಿದ್ದರೆ ಹೇಳಬೇಕು: ಜನ್ನಾಪುರದ ನಮ್ಮ ಮನೆಯಲ್ಲಿ ದಿನ ಎಣಿಸುವುದಿಲ್ಲ, ಬಿಸಿಲು ಎಣಿಸುತ್ತೇವೆ. ಉಪ್ಪು ಸವರಿದ ಹೊಳೆಮೀನಿಗೆ ಮೂರು ಬಿಸಿಲು; ಮೋಡ ಕವಿದ ದಿನ ಲೆಕ್ಕಕ್ಕಿಲ್ಲ. ಕಾಗೆ ಓಡಿಸಲು ಒಬ್ಬರು ಕೋಲು ಹಿಡಿದು ಕೂರಬೇಕು. ಅಮ್ಮ ಹೋದಮೇಲೆ ಆ ಕೋಲು ನನ್ನದಾಯಿತು. ಏಳು ವರ್ಷದ ಕೆಳಗೆ, ಮೂರನೆಯ ಬಿಸಿಲಿನ ದಿನವೇ ನನಗೆ ಶಿವಮೊಗ್ಗಕ್ಕೆ ಹೋಗಿ ಬಳೆ ತೊಡುವ ಹುಚ್ಚು ಹಿಡಿಯಿತು. ಇನ್ನೂ ಮೆತ್ತಗಿದ್ದ ಮೀನನ್ನು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ರೈಲು ಹತ್ತಿದೆ.

ವಾರದ ಮೇಲೆ ಅದೇ ಮೀನಿನ ಸಾರು ಬಡಿಸಿದಾಗ, ಕಬ್ಬಿಣದ ಕಾರ್ಖಾನೆಯ ಕುಲುಮೆ ಕೆಲಸ ಮುಗಿಸಿ ಬಂದಿದ್ದ ತಮ್ಮ ರಂಗಪ್ಪ ಮೂಗು ಸಿಂಡರಿಸಿದ.

"ಅಕ್ಕಾ, ವಾಸನೆ ಯಾಕೋ ಬೇರೆ ಐತೆ. ಮೂರು ಬಿಸಿಲು ಹಾಕಿದ್ಯಾ?"

"ಮೂರೂ ಆಗಿದೆ ಮಾರಾಯ. ದಿನಾ ಬೆಂಕಿ ಮುಂದೆ ನಿಂತು ನಿನ್ನ ಮೂಗೇ ಸುಟ್ಟುಹೋಗಿರ್ಬೇಕು. ತಿನ್ನು."

"ನೀನು ಹೇಳಿದ್ಮೇಲೆ ಮುಗೀತು ಬಿಡು, ತಿನ್ತೀನಿ," ಎಂದು ನಕ್ಕ.

ನನ್ನ ತಟ್ಟೆಗೆ ನಾನು ಮಜ್ಜಿಗೆ ಹಾಕಿಕೊಂಡೆ. ಈ ಒಂದು ವಾಕ್ಯವನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಎರಡು ದಿನ ವಾಂತಿಭೇದಿ. ಮೂರನೆಯ ದಿನ ಅವನಿರಲಿಲ್ಲ. ಬೀದಿಯವರೆಲ್ಲ ಬಾವಿಯ ನೀರನ್ನು ದೂರಿ ಅದಕ್ಕೆ ಸುಣ್ಣ ಸುರಿದರು. ನಾನೂ ಒಂದು ಬುಟ್ಟಿ ಹೊತ್ತು ತಂದು ಸುರಿದೆ.

ಪಂಡಿತರ ಕಿರಣ ಗೆಲ್ಲಲಿ, ಅದರಿಂದ ಯಾರದಾದರೂ ತಮ್ಮ ಉಳಿಯಲಿ. ಕರೆಯದೆಯೇ ಅಂಗಳಕ್ಕೆ ಬಂದಿದ್ದ ಕಿರಣವನ್ನು ಒಂದು ಡಜನ್ ಬಳೆಗಾಗಿ ಬಿಟ್ಟುಹೋದವಳಿಗೆ ಅದರಿಂದ ಇನ್ನೇನೂ ಆಗಬೇಕಾದ್ದಿಲ್ಲ.

ಓದಿ ಮುಗಿಸಿದ್ದರೂ ಈ ತುಂಡನ್ನು ಒಲೆಗೆ ಹಾಕಲಾಗಲಿಲ್ಲ. ಒದ್ದೆಯಾಗಿತ್ತಲ್ಲ, ಅಂಗಳದ ಚಾಪೆಯ ಮೇಲೆ ಹರಡಿ ಕಲ್ಲು ಹೇರಿದ್ದೇನೆ. ಇವತ್ತು ಮೂರನೆಯ ಬಿಸಿಲು. ಕಾಗೆಗೆ ಕಾಗದ ಬೇಕಿಲ್ಲವೆಂದು ಗೊತ್ತು. ಆದರೂ ಕೋಲು ಹಿಡಿದು ಕೂತಿದ್ದೇನೆ.