ನಿಂತಲ್ಲೇ ಹದಿನಾಲ್ಕು ಸಾವಿರ ಹೆಜ್ಜೆ

ನನ್ನ ಅಪ್ಪ ರಾಧಾಕೃಷ್ಣ ಭಟ್ಟರು ಉರ್ವದ ಸಣ್ಣ ದೇವಸ್ಥಾನವೊಂದರಲ್ಲಿ ಮೂವತ್ತಾರು ವರ್ಷಗಳಿಂದ ಅರ್ಚಕರು. ದೇವರು ಮುಟ್ಟದೆ ಬಿಟ್ಟ ಪಾಯಸವನ್ನೆಲ್ಲ ಮುಗಿಸುವುದು ಅರ್ಚಕನ ಹೊಣೆ ಎಂದು ನಂಬಿದವರು, ಆ ಹೊಣೆಯಿಂದ ಒಂದು ದಿನವೂ ನುಣುಚಿಕೊಂಡವರಲ್ಲ. ಅರುವತ್ತು ತುಂಬುವಷ್ಟರಲ್ಲಿ ರಕ್ತದ ತುಂಬ ಸಕ್ಕರೆಯಾಯಿತು. ಅದನ್ನು ಕಾಯಿಲೆ ಎಂದು ಅಪ್ಪ ಒಪ್ಪಲಿಲ್ಲ. "ಸ್ವಲ್ಪ ಶುಗರ್ ಉಂಟು" ಎಂದು, ಮನೆಗೆ ಬಂದ ನೆಂಟರ ವಿಷಯ ಹೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು.

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ, ಮಂಗಳಾರತಿಯ ಹೊತ್ತಿಗೆ ಉರಿಯುವ ಕರ್ಪೂರದ ತುಣುಕೊಂದು ಅವರ ಬಲಗಾಲಿನ ಮೇಲೆ ಬಿತ್ತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಹೊರಗೆ ಕೈಮುಗಿದು ನಿಂತವರು ಯಾರೋ "ಭಟ್ರೇ, ಕಾಲು!" ಎಂದು ಕೂಗಿದ ಮೇಲೆಯೇ ಕೆಳಗೆ ನೋಡಿದ್ದು. ಡಾಕ್ಟರ್ ಅಝರ್ ಸುಟ್ಟ ಗುಳ್ಳೆಯನ್ನು ನೋಡಿದರು, ಪಾದವನ್ನು ಅಲ್ಲಲ್ಲಿ ಚುಚ್ಚಿ ನೋಡಿದರು, ಆಮೇಲೆ ನಗುವುದನ್ನು ನಿಲ್ಲಿಸಿದರು.

"ಪಾದದ ಸ್ಪರ್ಶ ಹೋಗ್ತಾ ಉಂಟು ಭಟ್ರೇ. ಸಕ್ಕರೆಯ ಮೂರು ತಿಂಗಳ ಸರಾಸರಿ ಎಂಟು ಪಾಯಿಂಟ್ ಆರು. ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೀಬೇಕು, ಪಾಯಸ ಬಿಡ್ಬೇಕು. ಮೂರು ತಿಂಗಳಲ್ಲಿ ಇಳಿಯದಿದ್ರೆ ಇನ್ಸುಲಿನ್. ಆಮೇಲೆ ಬರಿಗಾಲಲ್ಲಿ ನಿಲ್ಲಲಿಕ್ಕೆ ನಾನು ಬಿಡುವುದಿಲ್ಲ."

ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ಹೋಗುವ ಅರ್ಚಕ ಇನ್ನೂ ಹುಟ್ಟಿಲ್ಲ. ಸಕ್ಕರೆ ಇಳಿಯದಿದ್ದರೆ ಪೂಜೆ ಅಪ್ಪನ ಕೈಬಿಟ್ಟು ಚಿಕ್ಕಪ್ಪನ ಮಗ ಕೃಷ್ಣಕಿಶೋರನಿಗೆ ಹೋಗುತ್ತದೆ. ಕೃಷ್ಣಕಿಶೋರ ಒಳ್ಳೆಯವನೇ. ಮಂತ್ರವನ್ನು ಸಿಟಿ ಬಸ್ಸಿನ ವೇಗದಲ್ಲಿ ಓಡಿಸುತ್ತಾನೆ, ನಡುವಿನ ಸ್ಟಾಪುಗಳಲ್ಲಿ ನಿಲ್ಲಿಸುವುದಿಲ್ಲ ಎಂಬುದಷ್ಟೇ ಅಪ್ಪನ ದೂರು.

ನಾನು ಅಪ್ಪನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟೆ. ಸಂಜೆ ನೋಡಿದರೆ ಒಂಬೈನೂರು. ಮರುದಿನವೂ ಅಷ್ಟೇ. ಅಪ್ಪನಿಗೆ ಸಿಟ್ಟು ಬಂತು.

"ಫೋನು ಇಡೀ ದಿನ ದೇವಸ್ಥಾನದ ಆಫೀಸಿನ ಮೇಜಿನ ಮೇಲೆ ಮಲಗಿರ್ತದೆ. ನಾನು ಒಳಗೆ ಎಷ್ಟು ಸುತ್ತು ಬಂದೆ ಅಂತ ಅದಕ್ಕೆಂತ ಗೊತ್ತು ಮಾರಾಯ್ತಿ?"

"ಜೊತೆಗೆ ಇಟ್ಕೊಳ್ಳಿ ಅಪ್ಪ."

"ಮೊಬೈಲ್ ನಿಷೇಧ ಅಂತ ಬೋರ್ಡು ಬರೆಸಿದ್ದು ಯಾರು? ನಾನೇ."

ಸರಿ, ಕೈಗೆ ಕಟ್ಟುವ ಫಿಟ್ನೆಸ್ ಬ್ಯಾಂಡ್ ತಂದೆ. ಚರ್ಮದ ಪಟ್ಟಿಯಲ್ಲ, ರಬ್ಬರಿನದು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರಬ್ಬರಿಗೆ ಮೈಲಿಗೆ ಇಲ್ಲ ಎಂಬ ಶಾಸ್ತ್ರವನ್ನು ನಿಂತ ನಿಲುವಿನಲ್ಲೇ ತಯಾರಿಸಿ, ಎಡಗೈಗೆ ಕಟ್ಟಿಕೊಂಡರು. ಮೊದಲ ದಿನವೇ ಒಂಬತ್ತು ಸಾವಿರ. ವಾರದೊಳಗೆ ಹನ್ನೊಂದು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ತೀರ್ಥಕ್ಕೆ ಕೈಯೊಡ್ಡಿದವರಿಗೆ ತೀರ್ಥದ ಜೊತೆ ಅಂದಿನ ಹೆಜ್ಜೆಯ ಲೆಕ್ಕವೂ ಸಿಗತೊಡಗಿತು. ಹೆಚ್ಚು ಅನುಭವಿಸಿದವರು ನೆರೆಮನೆಯ ರೊಸಾಲಿನ್ ಟೀಚರ್. ನಿವೃತ್ತರು, ಮಂಡಿನೋವಿನವರು. ದಿನಾ ಸಂಜೆ ಫೋನನ್ನು ಮುಷ್ಟಿಯಲ್ಲಿ ಹಿಡಿದು ಮಾರ್ಕೆಟ್ಟಿನ ತನಕ ಕುಂಟುತ್ತ ಹೋಗಿ ಬರುತ್ತಿದ್ದರು.

"ಎಷ್ಟಾಯ್ತು ಟೀಚರ್?"

"ಮೂರು ಸಾವಿರ ಭಟ್ರೇ."

"ಅಷ್ಟೇಯಾ? ನನ್ನದು ಹನ್ನೊಂದು. ಮನಸ್ಸು ಮಾಡ್ಬೇಕು ಟೀಚರ್."

ಪಾಪ, ಅವರು ಗೇಟಿನವರೆಗೆ ಬಂದವರು ನಾಚಿಕೊಂಡು ಹಿಂದೆ ತಿರುಗಿ ಇನ್ನೊಂದು ಸುತ್ತು ಹೋಗುತ್ತಿದ್ದರು. ಅಪ್ಪ ಮಾತ್ರ ಎಂಟು ಸಾವಿರದ ಮೇಲಿನ ಹೆಜ್ಜೆಗಳೆಲ್ಲ ಪಾಯಸಕ್ಕೆ ಜಮೆ ಎಂದು ಮತ್ತೆ ಲೋಟ ಹಿಡಿದರು. ನವರಾತ್ರಿಯಲ್ಲಂತೂ ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ, ಮೂರು ಲೋಟ.

ನವರಾತ್ರಿ ಮುಗಿದು ರಕ್ತದ ರಿಪೋರ್ಟ್ ಬಂತು. ಎಂಟು ಪಾಯಿಂಟ್ ಒಂಬತ್ತು.

ನನಗೆ ತಲೆ ಕೆಟ್ಟಿತು. ಸುರತ್ಕಲ್ಲಿನ ಕಾಲೇಜಿನಲ್ಲಿ ಮಕ್ಕಳಿಗೆ ಗ್ರಾಫ್ ಓದುವುದನ್ನು ಕಲಿಸುವವಳು ನಾನು, ಅಪ್ಪನ ಗ್ರಾಫನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕುಳಿತು ತೆರೆದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೇ ಮೂರು ಗುಡ್ಡ. ಉಳಿದ ಹೊತ್ತು ಬಯಲು. ಮೂರೂ ಪೂಜೆಯ ಹೊತ್ತು. ಆಗ ಅಪ್ಪ ಇರುವುದು ನಾಲ್ಕು ಅಡಿಯ ಗರ್ಭಗುಡಿಯಲ್ಲಿ, ಅಲ್ಲಿ ಓಡಲು ಜಾಗವಿಲ್ಲ. ಬಲಗೈಯಲ್ಲಿ ಆರತಿ. ಎಡಗೈಯಲ್ಲಿ ಗಂಟೆ.

ಮನೆಗೆ ಬಂದವಳೇ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ದೇವರಕೋಣೆಯ ಗಂಟೆಯನ್ನು ಎಡಗೈಗೆ ಕೊಟ್ಟೆ. ಎರಡು ನಿಮಿಷ ಬಾರಿಸಿದರು. ಬ್ಯಾಂಡು ಇನ್ನೂರ ಹನ್ನೆರಡು ಹೆಜ್ಜೆ ತೋರಿಸಿತು.

ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು. "ಕುಳಿತಲ್ಲೇ ಇನ್ನೂರು! ಹೀಗೆ ಬಾರಿಸಿದ್ರೆ ದೀಪಾವಳಿಗೆ ಕಾಶಿ ಮುಟ್ತೀರಿ."

ಅಪ್ಪ ನಗಲಿಲ್ಲ. ಗಂಟೆಯನ್ನು ಮೆಲ್ಲನೆ ಕೆಳಗಿಟ್ಟು ಎದ್ದು ಹೋದರು. ಅವರ ಮುಖ ನೋಡಿ ನನಗೂ ನಗು ಬರಲಿಲ್ಲ. ಹಾಗೆ ಪರೀಕ್ಷೆ ಮಾಡಬಾರದಿತ್ತು ಅನ್ನಿಸಿತು.

ಮರುದಿನ ಕ್ಲಿನಿಕ್ಕಿನಲ್ಲಿ ಉರ್ವದ ಅರ್ಧ ಜನ ಇದ್ದರು. ಮಂಡಿಗೆ ಪಟ್ಟಿ ಕಟ್ಟಿಕೊಂಡು ರೊಸಾಲಿನ್ ಟೀಚರೂ ಕುಳಿತಿದ್ದರು. "ಜಾಸ್ತಿ ನಡೆದು ಊದಿಕೊಂಡಿದೆ" ಎಂದರು. ಅಪ್ಪ ನೆಲ ನೋಡಿದರು.

ಡಾಕ್ಟರ್ ರಿಪೋರ್ಟನ್ನೂ ಬ್ಯಾಂಡಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಟ್ಟುಸಿರು ಬಿಟ್ಟರು. "ನಾನು ಹೇಳಿದ್ದಕ್ಕಿಂತ ಹೆಚ್ಚೇ ನಡೆದಿದ್ದೀರಿ. ಇಷ್ಟು ನಡೆದೂ ಏರಿದೆ ಅಂದ್ರೆ ಇನ್ನು ನಡಿಗೆಯಿಂದ ಆಗುವುದಿಲ್ಲ. ಇನ್ಸುಲಿನ್ ಶುರು ಮಾಡುವ. ಪೂಜೆಗೆ ಬೇರೆಯವರನ್ನು ನೋಡಿ ಭಟ್ರೇ."

ಬಾಗಿಲು ಅರ್ಧ ತೆರೆದಿತ್ತು. ಹೊರಗಿನವರಿಗೆಲ್ಲ ಕೇಳುತ್ತದೆ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಪೂಜೆ ಹೋಗುತ್ತದೆ. ನಾನು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ತಡೆದರು.

"ಡಾಕ್ಟ್ರೇ, ನಾನು ನಡೀಲೇ ಇಲ್ಲ. ಅದು ಗಂಟೆ ಬಾರಿಸಿದ ಲೆಕ್ಕ."

"ಎಂತ?"

"ಗಂಟೆ. ನಾನು ನಿಂತೇ ಇದ್ದೆ. ಪಾಯಸವೂ ಕುಡಿದಿದ್ದೇನೆ." ಪಾಯಸದ ವಿಷಯ ಯಾರೂ ಕೇಳಿರಲಿಲ್ಲ.

ಹೊರಗೆ ಯಾರೋ ಕಿಸಕ್ಕೆಂದರು. ಡಾಕ್ಟರ್ ನಗು ತಡೆಯಲು ಸ್ಟೆತಸ್ಕೋಪನ್ನು ಎರಡು ಸಲ ಸರಿಮಾಡಿಕೊಂಡರು. "ಹಾಗಾದ್ರೆ ನೀವು ಇನ್ನೂ ಶುರುವೇ ಮಾಡಿಲ್ಲ. ಇನ್ನು ಮೂರು ತಿಂಗಳು, ಕಾಲಲ್ಲಿ. ರಸ್ತೆಯಲ್ಲಿ ಶೂ ಹಾಕಿಯೇ. ಅಲ್ಲಿವರೆಗೆ ದಿನಕ್ಕೆ ಒಂದೇ ಪೂಜೆ, ಮುಗಿದ ಕೂಡ್ಲೇ ಪಾದ ನೋಡಿಕೊಳ್ಳಬೇಕು."

ಹೊರಗೆ ಬಂದ ಅಪ್ಪ ಕ್ಲಿನಿಕ್ ಬಿಟ್ಟು ಓಡುತ್ತಾರೆ ಎಂದುಕೊಂಡಿದ್ದೆ. ಅವರು ನೇರವಾಗಿ ಟೀಚರ ಎದುರು ನಿಂತರು. "ನಿಮ್ಮ ಮೂರು ಸಾವಿರ ಸತ್ಯದ್ದು ಟೀಚರ್. ನನ್ನದು ಸುಳ್ಳು. ನನ್ನ ಮಾತು ಕೇಳಿ ನಿಮ್ಮ ಕಾಲು ಊದಿತು. ತಪ್ಪಾಯ್ತು."

ಟೀಚರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮನೆಪಾಠ ಮಾಡದೆ ಬಂದ ಹುಡುಗನನ್ನು ನೋಡುವ ಹಾಗೆ. "ನನ್ನ ಕಾಲು ಸರಿಯಾದ ಕೂಡ್ಲೇ ಸಂಜೆ ನಾಲ್ಕೂವರೆಗೆ ಗೇಟಿನ ಹತ್ರ ಬನ್ನಿ. ತಡ ಮಾಡ್ಬಾರ್ದು."

ಹದಿನೈದು ದಿನ ಕಳೆದು, ಪಂಚೆಯ ಕೆಳಗೆ ಬಿಳಿ ಶೂ ಹಾಕಿಕೊಂಡ ಅಪ್ಪ ಐದು ನಿಮಿಷ ಮೊದಲೇ ಗೇಟಿನಲ್ಲಿದ್ದರು. ಮಾರ್ಕೆಟ್ ಮುಟ್ಟುವ ಮೊದಲೇ ಏದುಸಿರು ಬಿಟ್ಟು ಅಂಗಡಿಯೊಂದರ ಕಟ್ಟೆಯಲ್ಲಿ ಕುಳಿತರು. ಟೀಚರ್ ಕುಂಟುತ್ತಲೇ ಮಾರ್ಕೆಟ್ಟಿನ ತನಕ ಹೋಗಿ, ಅದೇ ಕುಂಟುನಡಿಗೆಯಲ್ಲಿ ವಾಪಸು ಬಂದು, ಅವರನ್ನು ಎಬ್ಬಿಸಿಕೊಂಡು ಮನೆಗೆ ತಂದರು.