ಮಂಗಳದ ಕಲ್ಲಿಗೆ ವಿಭೂತಿ

ಮಂಗಳ ಗ್ರಹದ ಜ್ವಾಲಾಮುಖಿಗಳನ್ನು ಓದುವುದು ನನ್ನ ಕಸುಬು. ಅಲ್ಲಿಗೆ ಯಾರೂ ಹೋಗಿಲ್ಲ, ನಾನೂ ಹೋಗುವವಳಲ್ಲ. ಇರುವುದು ಬರೀ ಚಿತ್ರ. ಅದನ್ನು ಅರ್ಥ ಮಾಡಿಕೊಳ್ಳಲು ಭೂಮಿಯ ಮೇಲಿನ ಅಂಥದೇ ಕಲ್ಲನ್ನು ಮುಟ್ಟಿ ನೋಡಬೇಕು. ನಾನು ಮುಟ್ಟುತ್ತಿದ್ದದ್ದು ಸಂಡೂರಿನ ಗುಡ್ಡದ ಒಂದು ಬಂಡೆಸಾಲನ್ನು. ಕೋಟ್ಯಂತರ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ, ದಿಂಬು ಪೇರಿಸಿಟ್ಟಂತೆ ಗಟ್ಟಿಯಾಗಿತ್ತು. ಪ್ರತಿ ದಿಂಬಿಗೂ ಮೇಲೆ ಉಬ್ಬು, ಕೆಳಗೆ ಚೂಪು ಬಾಲ. ಬಾಲ ಇರುವ ಕಡೆ ಆಗಿನ ಕಡಲ ತಳ. ಇದ್ದ ಜಾಗದಲ್ಲಿದ್ದರೆ ಮಾತ್ರ ಇಂಥ ಕಲ್ಲಿಗೆ ಬೆಲೆ.

ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದ ವರ್ಷಗಳು ಅವು. ಹೊಸಪೇಟೆಯ ಬಸ್ಸು ಲಾರಿಗಳ ಹಿಂದೆ ತೆವಳಿ ಸಂಡೂರು ಮುಟ್ಟುವಷ್ಟರಲ್ಲಿ ನನ್ನ ದುಪಟ್ಟಾ ಕೆಂಪಾಗಿರುತ್ತಿತ್ತು. ಒಂದು ಸಲ ನೋಡಿದರೆ ಗಣಿ ನನ್ನ ಬಂಡೆಯ ಪಕ್ಕಕ್ಕೇ ಬಂದಿದೆ! ಬಂಡೆ ಉಳಿಸಿ ಎಂದು ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದೆ.

"ಇದರಾಗ ಕಬ್ಬಿಣ ಐತೇನ್ರಿ ಮೇಡಂ?" ಎಂದ ಒಬ್ಬ ಅಧಿಕಾರಿ. ಇಲ್ಲವೆಂದೆ. "ಹಂಗಾರ ಅದು ವೇಸ್ಟ್ ಬಿಡ್ರಿ. ಅದಿರು ಅದರ ಹಿಂದ ಐತಿ."

ಮೈಯೆಲ್ಲ ಉರಿಯಿತು. ಪಕ್ಕದ ಊರು ಬಂಡ್ರಿಯಲ್ಲಿದ್ದ ಸೋದರತ್ತೆಯ ಮುಂದೆ ಗೋಳಾಡಿದೆ.

"ಲೇ ಹುಚ್ಚಿ, ನಿನ್ನ ಅರ್ಜಿಗೆ ಯಾರು ಅಂಜ್ತಾರ? ದೇವರಿಗೆ ಅಂಜ್ತಾರ," ಎಂದವಳೇ ಮರುದಿನ ನನ್ನೊಂದಿಗೆ ಗುಡ್ಡ ಹತ್ತಿದಳು. ಎಲ್ಲಕ್ಕಿಂತ ಚೆಂದದ ದಿಂಬಿಗೆ ಮೂರು ಬೆರಳಿನ ವಿಭೂತಿ ಬಳಿದು, ಹೂವು ಏರಿಸಿ, ಊದಿನಕಡ್ಡಿ ಹಚ್ಚಿದಳು. ಕಲಿತ ವಿದ್ಯೆಯನ್ನೆಲ್ಲ ಬದಿಗಿಟ್ಟು ನಾನು ಗಂಟೆ ಬಾರಿಸಿದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಲಾರಿ ಡ್ರೈವರುಗಳು ಬಂದು ಕಾಯಿ ಒಡೆಯತೊಡಗಿದರು. ಆ ಮಳೆಗಾಲ ಯಾರೂ ಬಂಡೆಯ ತಂಟೆಗೆ ಹೋಗಲಿಲ್ಲ. ಸದ್ಯ, ಉಳಿಯಿತು ಎಂದುಕೊಂಡು ಅಳತೆಯ ಸಾಮಾನು ಹೊಂದಿಸಿಕೊಂಡೆ.

ಮತ್ತೆ ಹೋದಾಗ ಗುಡ್ಡದ ಆ ಮಗ್ಗುಲೇ ಇರಲಿಲ್ಲ. ಕೆಂಪು ಹೊಂಡವಿತ್ತು. ಅತ್ತೆ ನನ್ನ ಕೈ ಹಿಡಿದು ರಸ್ತೆ ಬದಿಗೆ ಕರೆದೊಯ್ದಳು. ಗಣಿಯವರು ಭಕ್ತಿಯಿಂದಲೇ ನಡೆದುಕೊಂಡಿದ್ದರು. ಸ್ವಾಮಿಗಳನ್ನು ಕರೆಸಿ, ಪೂಜೆ ಮಾಡಿಸಿ, ದೇವರ ಅಪ್ಪಣೆ ಬೇಡಿ, ವಿಭೂತಿ ಬಳಿದಿದ್ದ ಒಂದೇ ಒಂದು ಕಲ್ಲನ್ನು ಜೆಸಿಬಿಯಲ್ಲಿ ಕೆಳಗಿಳಿಸಿ, ಉಳಿದದ್ದನ್ನು ಮದ್ದು ಇಟ್ಟು ಹಾರಿಸಿದ್ದರು. ಟೈಲ್ಸ್ ಹಾಕಿದ ಕಟ್ಟೆ, ಮೇಲೆ ತಗಡು, ಕಲ್ಲಿನ ಮೈಗೆಲ್ಲ ಕಪ್ಪು ಆಯಿಲ್ ಪೇಂಟ್.

"ನೋಡವ್ವಾ, ನಿನ್ನ ಕಲ್ಲು ಉಳೀತು. ಎಷ್ಟು ಚೆಂದ ಕುಂದ್ರಿಸ್ಯಾರ!" ಅತ್ತೆಯ ಕಣ್ಣು ತುಂಬಿತ್ತು.

ಬಾಲ ಮೇಲಿತ್ತು. ಚೂಪು ತುದಿ ಮೇಲೆ ಬಂದರೆ ಲಿಂಗದಂತೆ ಕಾಣುತ್ತದೆಂದು ತಲೆಕೆಳಗಾಗಿ ಕೂರಿಸಿದ್ದರು. ಹೇಳಲು ಬಾಯಿ ತೆರೆದೆ. ಹೇಳಿ ಆಗಬೇಕಾದ್ದೇನಿತ್ತು? ನೆಟ್ಟಗೆ ಕೂರಿಸಿದ್ದರೂ ಅದರ ಕೆಳಗೆ ಈಗ ಕಡಲ ತಳವಿರಲಿಲ್ಲ, ಸಿಮೆಂಟಿತ್ತು.

"ಕೈ ಮುಗಿಯವ್ವಾ," ಎಂದಳು ಅತ್ತೆ.

ಮುಗಿದೆ.